ಅಮ್ಮ ತಿರುಗಿಸಿದ ಕುರ್ಚಿ

ಸಭೆ ಶುರುವಾಗುವ ಮುಂಚೆ ಅಮ್ಮ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ತಿರುಗಿಸಿ, ಆಂಗಸ್‌ಗೆ ಬೆನ್ನು ಹಾಕಿ ಕುಳಿತಳು.

ಮೂರು ವರ್ಷದಿಂದ ಅವನು ಈ ನೆಲದ ಮೂಲನಿವಾಸಿಗಳಾದ ನಮ್ಮ ಜನರ ವಕೀಲ. ಗಣಿ ಕಂಪನಿಯ ಜೊತೆಗಿನ ಒಪ್ಪಂದದ ಒಂದೊಂದು ಕಲಮನ್ನೂ ಪರ್ತ್‌ನಿಂದ ಹೊತ್ತು ತಂದು, ಈ ನೀಲಗಿರಿ ಮರದ ಕೆಳಗೆ ಅಮ್ಮನೆದುರು ಕೂತು ಬಿಡಿಸಿ ಹೇಳಿದವನು. ಗಣಿಯಿಂದಾಗಿ ಇಳಿಯುತ್ತಿದೆಯೇ ಎಂದು ನಮ್ಮ ಮಡುವಿನ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ. ನನ್ನ ಅಂಕಿಗಳು ಅವನ ಕೈಯಲ್ಲಿ ಕಲಮುಗಳಾಗುತ್ತಿದ್ದವು.

"ಡೆನೀಸ್, ಅರ್ಧ ಸೆಂಟಿಮೀಟರ್ ಬಿಟ್ಟುಕೊಡಬಾರದಾ?" ಎಂದು ತಮಾಷೆಗೆ ಕಾಡುತ್ತಿದ್ದ.

"ಬೇಕಾದ್ರೆ ನಿನ್ನ ಮೂಗಲ್ಲಿ ಬಿಟ್ಟುಕೊಡು," ಎನ್ನುತ್ತಿದ್ದೆ.

ಇವತ್ತು ಅಮ್ಮ ಮರದ ಕಡೆ ನೋಡುತ್ತ ನನಗೆ ಹೇಳಿದಳು: "ಆ ಮನುಷ್ಯನಿಗೆ ಹೇಳು, ನೀರಿನ ಕಲಮು ಇನ್ನೊಮ್ಮೆ ಓದಲಿ."

ನಿನ್ನೆಯವರೆಗೆ ಅವನು ಅವಳಿಗೆ 'ಆಂಗಸ್ ಮಗಾ'. ಸೋದರಮಾವ ಕ್ಲೆಮ್ ಟೀ ಲೋಟದೊಳಗೇ ನಕ್ಕ. ನನ್ನ ಕಿವಿ ಬಿಸಿಯಾಯಿತು.

ಬಿಡುವಿನಲ್ಲಿ ಆಂಗಸ್ ಜೀಪಿನ ಬಳಿ ಕಡತ ಕಟ್ಟುತ್ತಿದ್ದ.

"ನಿಮ್ಮಮ್ಮನಿಗೆ ನನ್ನ ಮೇಲೆ ನಂಬಿಕೆ ಹೋಗಿದೆ. ನಾಳೆ ವಿಮಾನಕ್ಕೆ ಹೊರಡ್ತೀನಿ. ಬೇರೆ ವಕೀಲರು ಬರ್ತಾರೆ. ಒಪ್ಪಂದದ ಕರಡು ಎರಡು ಸಲ ತಿರುವಿ ಹಾಕಿದೆ, ತಪ್ಪು ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ."

"ಕರಡಲ್ಲಿ ಹುಡುಕಿದ್ರೆ ಸಿಗಲ್ಲ."

ಸುಮ್ಮನಿದ್ದರೆ ಅವನು ಹೋಗುತ್ತಾನೆ. ಹೇಳಿದರೆ, ನಾನು ಯಾರಿಗೂ ಹೇಳದ ಮಾತು ಹೊರಬೀಳುತ್ತದೆ. ಅಳತೆ ಕೋಲಿನಿಂದ ಕೆಂಪು ಮಣ್ಣಿನಲ್ಲಿ ಒಂದು ಗೆರೆ ಎಳೆದೆ.

"ನಮ್ಮಲ್ಲಿ ಅತ್ತೆ ಅಳಿಯನ ಮುಖ ನೋಡಲ್ಲ. ಮಾತಾಡಲ್ಲ, ಹೆಸರು ಹಿಡಿದು ಕರೆಯಲ್ಲ. ಅದು ಮರ್ಯಾದೆ."

ಅವನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

"ಯಾರು ಅಳಿಯ?"

"ಅಮ್ಮನಿಗೆ ನಾನೊಬ್ಬಳೇ ಮಗಳು."

"ನೀನು ಹೇಳಿದ್ಯಾ ಅವರಿಗೆ?"

"ಇಲ್ಲ. ನಿನ್ನೆ ಮಡುವಿನ ಹತ್ರ ನಿನ್ನ ಟೋಪಿ ತೆಗೆದು ನನ್ನ ಪುಸ್ತಕಕ್ಕೆ ನೆರಳು ಹಿಡಿದ್ಯಲ್ಲ, ಆಗ ಮಟ್ಟ ಎರಡು ಸಲ ತಪ್ಪು ಬರೆದೆ. ಮೂರು ವರ್ಷದಲ್ಲಿ ಮೊದಲ ಸಲ. ಅಮ್ಮ ನೋಡಿದಳು."

ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಅಂಕಿಯನ್ನು ಸರಿನೋಡುವಾಗ ನೋಡುವ ಹಾಗೆ, ಕಣ್ಣು ಕಿರಿದು ಮಾಡಿ. ಆಮೇಲೆ ಕಡತದ ದಾರವನ್ನು ಬಿಗಿದು ಗಂಟು ಹಾಕಿದ.

"ಹಾಗಾದ್ರೆ ಈ ಕೆಲಸ ಬಿಡಲೇಬೇಕು. ಅತ್ತೆ ಮನೆಯವರಿಗೆ ಅಳಿಯನೇ ವಕೀಲನಾಗಬಾರದು. ಅದು ನಮ್ಮ ವಕೀಲರ ಮರ್ಯಾದೆ."

ನನ್ನ ಕೋಲು ಅಲ್ಲೇ ನಿಂತಿತು. "ಅಂದ್ರೆ, ನಾಳೆ ವಿಮಾನ?"

"ಕಡತ ಹೋಗುತ್ತೆ ಅದರಲ್ಲಿ," ಎಂದ. "ನಾನಲ್ಲ."

ಮರದ ಕೆಳಗಿಂದ, ತಿರುಗದೆಯೇ, ಅಮ್ಮ ಕೂಗಿದಳು: "ಆ ಮನುಷ್ಯನಿಗೆ ಹೇಳು, ಟೀ ಆರಿ ಹೋಗ್ತಿದೆ."

ಅವನಿಗೆ ಕೇಳಿಸಿತ್ತು. ಆದರೂ ನಾನು ಹತ್ತಿರ ಹೋಗಿ ಹೇಳಿದೆ.