ಗೋದುಬಾಯಿಯ ರೊಟ್ಟಿ ಗೋದುಬಾಯಿಗೇ

"ಸಾಕು, ಇಷ್ಟ ಸಾಕು" ಎಂದು ಚನಬಸಪ್ಪನವರು ಸೊಸೆಯ ಬುಟ್ಟಿಗೆ ಸುರಿದ ಸಜ್ಜೆ ಹಿಟ್ಟಿನಿಂದ ಒಂದು ಹಿಡಿಯನ್ನು ವಾಪಸು ಡಬ್ಬಿಗೆ ಹಾಕಿದರು. ಆಮೇಲೆ ಬುಟ್ಟಿಯನ್ನು ಇನ್ನೊಮ್ಮೆ ಬಗ್ಗಿ ನೋಡಿ, ಮತ್ತೊಂದು ಹಿಡಿ ತೆಗೆದರು. ಪೂರ್ಣಿಮಾ ಉಗ್ರಾಣದ ಹೊಸ್ತಿಲಲ್ಲಿ ಬುಟ್ಟಿ ಹಿಡಿದು ನಿಂತೇ ಇದ್ದಳು. ಮನೆಯ ಸೊಸೆ, ಐದು ತಿಂಗಳ ಕೂಸಿನ ತಾಯಿ, ಹಬ್ಬದ ದಿನ ಬೆಳಗ್ಗೆ ಹಿಟ್ಟಿಗಾಗಿ ಭಿಕ್ಷೆಗೆ ಬಂದವಳಂತೆ ನಿಲ್ಲಬೇಕು! ಒಳಗಿನಿಂದ ಕೂಸು ಅಳುತ್ತಿತ್ತು. ಹಾಲು ಕುಡಿದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಆಗಲೇ ಮತ್ತೆ ಹಸಿವು.

"ಮಾವಾರ, ಇವತ್ತ ರೊಟ್ಟಿ ಪಂಚಮಿರಿ. ಓಣ್ಯಾಗ ಎಲ್ಲಾರ ಮನಿಗೂ ರೊಟ್ಟಿ ಬೀರಬೇಕು. ವಾರದಿಂದ ಹಿಟ್ಟು ಕೇಳಾಕತ್ತೇನಿ, ಇವತ್ತ ಕೊಟ್ರಿ, ಅದೂ ಇಷ್ಟ. ಹೆಂಗ ಆಗ್ತೈತಿ?"

"ಎಲ್ಲಾರ ಮನಿಯಿಂದ ನಮಗೂ ಬರ್ತಾವಲ್ಲ? ಬಂದದ್ದನ್ನ ಕೊಟ್ರಾತು. ಇವರದ್ದು ಅವರಿಗೆ, ಅವರದ್ದು ಇವರಿಗೆ. ಹೊಸಾದು ಬಡದು ಗ್ಯಾಸ್ ಯಾಕ ಸುಡೂದು?"

"ಹಂಗ ಕೊಟ್ರ ಮಂದಿ ಏನಂದಾರು?"

"ಮಂದಿ ಬಂದು ನಮ್ಮ ಸಿಲಿಂಡರ್ ತುಂಬಸ್ತಾರೇನು?" ಎಂದು ಅವರು ಉಗ್ರಾಣದ ಬಾಗಿಲು ಎಳೆದು, ಕೀಲಿ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಅಂಗಿಯ ಒಳಜೇಬಿಗೆ ಇಳಿಸಿದರು.

ಹೇಳಿ, ಇಂಥವರ ಜೊತೆ ಹೇಗೆ ಏಗುವುದು? ಮನೆಯಲ್ಲಿ ಬಡತನವಿದ್ದಿದ್ದರೆ ಪೂರ್ಣಿಮಾ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹಳಿಯಾಳದ ಪೇಟೆಯಲ್ಲಿ ವರ್ಷಗಟ್ಟಲೆ ಕಾಳುಕಡಿಯ ವ್ಯಾಪಾರ ಮಾಡಿದ ಮನುಷ್ಯ. ಸ್ವಂತ ಮನೆ, ಬಾಡಿಗೆ ಬರುವ ಅಂಗಡಿ, ದಾಂಡೇಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಮಗ ಲೋಕೇಶ. ಆದರೂ ಒಗ್ಗರಣೆಯ ಎಣ್ಣೆಯನ್ನು ಅಳೆಯುವುದು ಕೆಮ್ಮಿನ ಔಷಧಿಯ ಬಾಟಲಿಗೆ ಬರುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳದಲ್ಲಿ. ಕುದಿಸಿದ ಚಹಾಪುಡಿ ಕಿಟಕಿಯ ಮೇಲೆ ಒಣಗಿ ಸಂಜೆ ಮತ್ತೆ ಪಾತ್ರೆಗೆ ಬೀಳಬೇಕು. ಕುಕ್ಕರಿನ ಎರಡನೆಯ ಸೀಟಿಗೆ ಪಡಸಾಲೆಯಿಂದ ಓಡಿಬಂದು ಗ್ಯಾಸ್ ಆರಿಸುತ್ತಿದ್ದರು. ಮೂರನೆಯ ಸೀಟಿ ಒಳಗಿನ ಬಿಸಿಗೆ ತಾನೇ ಹೊಡೆಯುತ್ತದಂತೆ. ಅದು ಹೊಡೆಯುತ್ತಿರಲಿಲ್ಲ, ಬೇಳೆ ಬೇಯುತ್ತಿರಲಿಲ್ಲ, ಊಟಕ್ಕೆ ಕೂತಾಗ "ಬ್ಯಾಳಿ ಯಾಕ ಹಿಂಗ ಕಲ್ಲಾಗೈತಿ" ಎಂದು ಕೇಳುವವರೂ ಅವರೇ. ಸಂತೆಗೆ ಹೋಗುವುದು ಕತ್ತಲಾಗುವ ಹೊತ್ತಿಗೆ, ಮಾರುವವರು ಗಂಟು ಕಟ್ಟುವಾಗ. ಆಗ ಸಿಗುವ ಬದನೆಕಾಯಿಯಲ್ಲಿ ಅರ್ಧ ಹುಳುವಿನ ಪಾಲು, ಅರ್ಧ ಇವರ ಪಾಲು.

ಇದೆಲ್ಲವನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಒಂದೇ, ಗೋಡೆಯ ಮೇಲಿನ ಫೋಟೋ. ಅದರಲ್ಲಿದ್ದವರು ಅತ್ತೆ ತಾಯವ್ವ. ಅವರು ತೀರಿಕೊಂಡ ಮೇಲೆಯೇ ಮನೆಗೆ ಹೆಣ್ಣುದಿಕ್ಕು ಬೇಕೆಂದು ಲೋಕೇಶನ ಮದುವೆಯಾದದ್ದು, ಪೂರ್ಣಿಮಾ ಅವರ ಮುಖವನ್ನೇ ನೋಡಿದವಳಲ್ಲ. ಆದರೆ ದಿನಕ್ಕೊಮ್ಮೆಯಾದರೂ ಆ ಫೋಟೋದ ಕಡೆ ಕೈ ತೋರಿಸಿ ಮಾವ ಹೇಳುತ್ತಿದ್ದರು: "ನಿಮ್ಮ ಅತ್ತಿ ಇದ್ದಾಗ ಇದ ಎಣ್ಣಿ, ಇದ ಜ್ವಾಳ ಎಷ್ಟ ದಿನಾ ಬರ್ತಿತ್ತು! ಆಕಿ ಕೈಗುಣಾನ ಬ್ಯಾರೆ. ಮನ್ಯಾಗಿದ್ದ ಮಂದಿ ಆಗೂ ಅಷ್ಟ, ಈಗೂ ಅಷ್ಟ. ಮತ್ತ ಎಲ್ಲಿ ಹೋಗ್ತೈತಿ ಸಾಮಾನು?"

ಎಲ್ಲಿ ಹೋಗುತ್ತದೆ! ಸತ್ತವರ ಜೊತೆ ಹೇಗೆ ಪಂದ್ಯ ಕಟ್ಟುವುದು? ಪೂರ್ಣಿಮಾ ಗೆಲ್ಲಲು ನೋಡಿದಳು. ಎಲ್ಲರಿಗೂ ಬಡಿಸಿ ಹಿಂದೆ ಉಂಡಳು. ಮೂರು ರೊಟ್ಟಿಯಿಂದ ಎರಡಕ್ಕೆ ಬಂದಳು, ಎರಡರಿಂದ ಒಂದಕ್ಕೆ. ಈಚೆಗೆ ಬುಟ್ಟಿಯ ತಳದ ಚೂರುಗಳಿಗೆ ನೀರು ಮಜ್ಜಿಗೆ ಸುರಿದುಕೊಂಡು ಎದ್ದುಬಿಡುತ್ತಿದ್ದಳು. ಎದೆಹಾಲು ಕಡಿಮೆಯಾಯಿತು. ಮನೆಗೆ ಬಂದ ಆಶಾ ಕಾರ್ಯಕರ್ತೆ ಕೂಸನ್ನು ತೂಗಿ, ಅವಳ ಮುಖವನ್ನೂ ನೋಡಿ, "ನೀ ಹೊಟ್ಟಿತುಂಬ ಉಣ್ಣಲಿಲ್ಲಂದ್ರ ಇದಕ್ಕ ಎಲ್ಲಿಂದ ಬರಬೇಕವಾ?" ಎಂದು ಗದರಿ ಹೋಗಿದ್ದಳು. ಗಂಡನಿಗೆ ಹೇಳಿದರೆ, "ಅಪ್ಪಂದು ಗೊತ್ತೈತಲ್ಲ, ಸ್ವಲ್ಪ ಸುಧಾರಿಸ್ಕೊ" ಎನ್ನುತ್ತಾನೆ. ಲೋಕೇಶನ ಈ ಸುಧಾರಿಸ್ಕೊ ಎಂಬ ಮಾತನ್ನು ಕೇಳಿ ಕೇಳಿ ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಹಾಗಾಗಿ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. ಪಂಚಮಿಗೆ ಕರೆದೊಯ್ಯಲು ತವರೂರು ಮಳಗಿಯಿಂದ ಅಣ್ಣ ಮಲ್ಲೇಶ ಟೆಂಪೋ ತರುತ್ತಾನೆ. ಹಬ್ಬಕ್ಕೆಂದು ಹೋಗುವುದು, ಮರಳಿ ಬರುವುದಲ್ಲ. ಯಾರಿಗೂ ಹೇಳಿರಲಿಲ್ಲ. ಆದರೆ ತವರಿನವರು ಬಾಣಂತನ ಮುಗಿಸಿ ಕೊಟ್ಟಿದ್ದ ಮರದ ತೊಟ್ಟಿಲನ್ನು ನಸುಕಿನಲ್ಲೇ ಬಿಚ್ಚಿ, ಹಳೆಯ ಕೌದಿಯಲ್ಲಿ ಸುತ್ತಿ, ಹಿತ್ತಲ ಬಾಗಿಲಿಗೆ ಆನಿಸಿ ಇಟ್ಟಿದ್ದಳು.

ನಾಗರ ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವ ಮುನ್ನ ಆ ಓಣಿಯಲ್ಲಿ ಒಂದು ದಿನವಿಡೀ ತಾಟುಗಳು ಓಡಾಡುತ್ತವೆ. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಮೇಲೆ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ. ಬಂದ ತಾಟು ಬರಿದಾಗಿ ಮರಳುವಂತಿಲ್ಲ. ಈ ಮನೆಯ ರೊಟ್ಟಿ ಹೊತ್ತು ಹೋಗಬೇಕು. ಪಕ್ಕದ ಮನೆಯ ಗೋದುಬಾಯಿಯ ತಾಟು ಎಲ್ಲರಿಗಿಂತ ಮೊದಲು ಬಂತು. ಪೂರ್ಣಿಮಾ ಇದ್ದಷ್ಟು ಹಿಟ್ಟಿನಲ್ಲಿ ಕೈಲಾದಷ್ಟು ರೊಟ್ಟಿ ಬಡಿದು, ಕೂಸಿಗೆ ಎದೆ ಕೊಡಲು ಒಳಗೆ ಹೋದಳು. ಹೊರಬರುವಷ್ಟರಲ್ಲಿ ಮಾವ ಪಡಸಾಲೆಯಲ್ಲಿ ತಾಟುಗಳನ್ನು ಹರವಿಕೊಂಡು, ಅವಳು ಬಡಿದದ್ದನ್ನು ಮನೆಗೆಂದು ಎತ್ತಿಟ್ಟು, ಬಂದ ರೊಟ್ಟಿಗಳನ್ನು ಅದಲುಬದಲು ಜೋಡಿಸಿ, ಒಂದೊಂದಕ್ಕೂ ಬಟ್ಟೆ ಮುಚ್ಚಿ ಮುಗಿಸಿದ್ದರು. ಮುಖದಲ್ಲಿ ದೊಡ್ಡ ವ್ಯವಹಾರ ಕುದುರಿಸಿದ ಗೆಲುವು.

"ತಗೋ, ಕೊಟ್ಟು ಬಾ. ಮ್ಯಾಲ ಒಂದ ಹನಿ ಗ್ಯಾಸ್ ಖರ್ಚಿಲ್ಲ."

ಅವಳಿಗೆ ವಾದ ಮಾಡುವ ತ್ರಾಣವಿರಲಿಲ್ಲ. ತಲೆ ತಗ್ಗಿಸಿ ಮನೆಮನೆಗೂ ಕೊಟ್ಟು ಬಂದಳು.

ಮಧ್ಯಾಹ್ನ ಮಲ್ಲೇಶ ಬಂದು ತೊಟ್ಟಿಲನ್ನು ಟೆಂಪೋಗೆ ಏರಿಸುತ್ತಿದ್ದಾಗಲೇ ಗೋದುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು. ತಾಟನ್ನು ಚನಬಸಪ್ಪನವರ ಕಾಲ ಬಳಿ ಇಟ್ಟು ಬಟ್ಟೆ ಸರಿಸಿದಳು. ಓಣಿಗೆಲ್ಲ ಗೊತ್ತಿದ್ದ ಮಾತು, ಗೋದುಬಾಯಿಯ ಹಂಚಿನ ನಡುವೆ ಒಂದು ತಗ್ಗಿದೆ. ಅವಳು ಬೇಯಿಸಿದ ಪ್ರತಿ ರೊಟ್ಟಿಯ ನಡುವೆಯೂ ಬೊಟ್ಟಿನಷ್ಟು ಉಬ್ಬು ಏಳುತ್ತದೆ. ತಾಟಿನಲ್ಲಿದ್ದ ಎಲ್ಲ ರೊಟ್ಟಿಗೂ ಆ ಉಬ್ಬಿತ್ತು.

"ಅಣ್ಣಾರ, ನನ್ನ ರೊಟ್ಟಿ ನನಗ ಬೀರೀರಿ. ನನ್ನ ಪಲ್ಯಾ ಮಾತ್ರ ಇಲ್ಲ, ಅದನ್ನ ಇಟ್ಕೊಂಡೀರಿ."

ಪೂರ್ಣಿಮಾಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಕೊಟ್ಟು ಬಂದವಳು ಅವಳೇ ಅಲ್ಲವೇ! ಚನಬಸಪ್ಪನವರು, ಅದೇನು ಬುದ್ಧಿಯೋ, ಸೊಸೆಯ ಕಡೆ ಕೈ ತೋರಿಸಿದರು.

"ಈಕಿ ಕೈಯಾಗ ಮನಿತನ ನಡದ್ರ ಹಿಂಗ ಆಗೂದು, ಗೋದುಬಾಯಿ. ತಾಯವ್ವ ಇದ್ದಾಗ ಇಂಥಾದ್ದು ಆಗಿತ್ತೇನು? ಆಕಿ ಇಷ್ಟ ಸಾಮಾನಿನಾಗ ಮನಿ ತೂಗಿಸಿ, ಮ್ಯಾಲ ಉಳಸ್ತಿದ್ಲು."

ಗೋದುಬಾಯಿ ತೆರೆದ ಬಾಗಿಲೊಳಗಿನ ಫೋಟೋದ ಕಡೆ ನೋಡಿದಳು, ಪೂರ್ಣಿಮಾಳ ಬತ್ತಿದ ಕೆನ್ನೆಯ ಕಡೆ ನೋಡಿದಳು. "ಬಾಯಿ ಬಿಡಬ್ಯಾಡ ಅಂತ ಆಕಿ ಆಣಿ ಹಾಕಿದ್ಲು" ಎಂದಳು. "ಈಗ ಬಿಡ್ತೇನಿ. ಆಕಿ ಹೆಂಗ ಉಳಸ್ತಿದ್ಲು ಗೊತ್ತೈತೇನು ನಿಮಗ? ತಾ ಉಣ್ಣದ ಉಳಸ್ತಿದ್ಲು. ನೀವು ಅಂಗಡಿಗೆ ಹೋದಮ್ಯಾಲ ನನ್ನ ಹಿತ್ತಲ ಕಟ್ಟಿಮ್ಯಾಲ ಬಂದು ಕುಂಡ್ರತಿದ್ಲು. 'ಗೋದಕ್ಕ, ಒಂದ ರೊಟ್ಟಿ ಇದ್ರ ಕೊಡು' ಅಂತಿದ್ಲು. ಇಷ್ಟ ದೊಡ್ಡ ಮನಿ ಯಜಮಾನ್ತಿ…"

"ಸುಳ್ಳು" ಎಂದರು ಚನಬಸಪ್ಪನವರು. "ನಾ ದಿನಾ ಕೇಳ್ತಿದ್ನಿ. 'ಉಂಡ್ಯಾ?' ಅಂತ. 'ಉಂಡೇನ್ರಿ' ಅಂತಿದ್ಲು."

"ಕೇಳ್ತಿದ್ರಿ. ಒಂದ ದಿನಾನೂ ನೋಡ್ಲಿಲ್ಲ" ಎಂದು ಗೋದುಬಾಯಿ ಕಣ್ಣೊರೆಸಿಕೊಳ್ಳುತ್ತ ಕಟ್ಟೆ ಇಳಿದು ಹೋದಳು. ತಾಟು ಅಲ್ಲೇ ಉಳಿಯಿತು.

ಹಬ್ಬದ ರಜೆಗೆ ಮನೆಯಲ್ಲೇ ಇದ್ದ ಲೋಕೇಶ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಟೆಂಪೋದಲ್ಲಿದ್ದ ತೊಟ್ಟಿಲನ್ನು ನೋಡಿದ. ನಾಲ್ಕು ದಿನದ ತವರಿಗೆ ತೊಟ್ಟಿಲು ಯಾರು ಒಯ್ಯುತ್ತಾರೆ? ಚನಬಸಪ್ಪನವರೂ ಅದನ್ನೇ ನೋಡುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವರು ತಾಟನ್ನು ಎತ್ತಿಕೊಂಡು ಒಳಗೆ ಹೋದರು. "ಎಲ್ಲಾರೂ ಉಣ್ಣಾಕ ಕೂಡ್ರಿ. ಪೂರ್ಣಿಮಾ, ನೀನೂ ಕೂಡು. ಇವತ್ತ ನಾ ಬಡಸ್ತೇನಿ, ನಾ ಹಿಂದ ಉಣ್ತೇನಿ."

"ಬ್ಯಾಡ್ರಿ ಮಾವಾರ, ನಾ ಆಮ್ಯಾಲ…"

"ಕೂಡು ಅಂದ್ನಲ್ಲ."

ಅವಳು ಗಂಡ, ಅಣ್ಣನ ಸಾಲಿನಲ್ಲಿ ಕೂತಳು. ಆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಕೂತದ್ದು ಅದೇ ಮೊದಲು. ಮಾವ ಗೋದುಬಾಯಿಯ ರೊಟ್ಟಿಗಳನ್ನೇ ಅವಳ ತಾಟಿಗೆ ಹಾಕಿದರು. ತುಪ್ಪದ ಚಮಚ ತಂದು, ಅಭ್ಯಾಸಬಲ, ಅರ್ಧವನ್ನು ಡಬ್ಬಿಗೆ ಬಗ್ಗಿಸಿದರು. ಕೈ ಅಲ್ಲೇ ನಿಂತಿತು. ಮತ್ತೆ ತುಂಬಿ ತಂದು ಪೂರ್ತಿ ಸುರಿದರು. ಪೂರ್ಣಿಮಾಳಿಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಹಸಿವು ಸಿಟ್ಟಿಗಿಂತ ದೊಡ್ಡದಿತ್ತು. ಅವಳು ತಲೆಯೆತ್ತದೆ ಉಂಡಳು, ತವರಿನಿಂದ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಗಂಡಸರಿಬ್ಬರು ಎಂದಿನಂತೆ ತಮ್ಮ ತಾಟು ನೋಡಿಕೊಂಡು ಉಂಡರು. ಬುಟ್ಟಿಯಲ್ಲಿ ಎಷ್ಟು ಉಳಿಯಿತೆಂದು ನೋಡಲಿಲ್ಲ.

ಎಲ್ಲರೂ ಎದ್ದ ಮೇಲೆ ಚನಬಸಪ್ಪನವರು ಅಡುಗೆಮನೆಯ ನೆಲದ ಮೇಲೆ, ಪೂರ್ಣಿಮಾ ದಿನಾ ಕೂರುವ ಜಾಗದಲ್ಲಿ ಕೂತರು. ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. ತಳದಲ್ಲಿ ಮುರಿದ ಒಂದು ರೊಟ್ಟಿ, ಒಂದಿಷ್ಟು ಚೂರು. ಪಲ್ಯದ ಪಾತ್ರೆಯ ಗೋಡೆಗೆ ಅಂಟಿದ ಮಸಾಲೆ.

"ದಿನಾ ನಿನಗ ಇಷ್ಟ ಏನು?" ಎಂದು ಕೇಳಿದರು.

"ಇವತ್ತ ಹಬ್ಬಾರಿ" ಎಂದಳು ಪೂರ್ಣಿಮಾ. "ಇವತ್ತ ಸ್ವಲ್ಪ ಹೆಚ್ಚ ಉಳದೈತಿ."

ಅವರು ಆ ಚೂರುಗಳಿಗೆ ಮಜ್ಜಿಗೆ ಸುರಿದುಕೊಂಡು ತಿನ್ನತೊಡಗಿದರು. ಎರಡು ತುತ್ತು ತಿಂದು, ಮೂರನೆಯದನ್ನು ತಾಟಿಗೆ ವಾಪಸು ಇಟ್ಟರು. "ತಾಯವ್ವಾ… ಇದ ಏನ ನೀ 'ಉಂಡೇನ್ರಿ' ಅಂತಿದ್ದದ್ದು…" ಎಂದು ಬಿಕ್ಕಿದರು. ಬಿಳಿ ಮೀಸೆಯ ಮೇಲೆ ಮಜ್ಜಿಗೆಯೂ ಕಣ್ಣೀರೂ ಕೂಡಿ ಹರಿಯಿತು. ಪೂರ್ಣಿಮಾ ನೀರಿನ ತಂಬಿಗೆ ಮುಂದಿಟ್ಟಳು. ಸಮಾಧಾನ ಹೇಳಲಿಲ್ಲ, ಹೇಳುವ ಮನಸ್ಸು ಬರಲಿಲ್ಲ.

ಹೊರಡುವ ಹೊತ್ತಾಯಿತು. ಚನಬಸಪ್ಪನವರು ಉಗ್ರಾಣದಿಂದ ಒಂದು ಚೀಲ ಜೋಳ, ತುಪ್ಪದ ಇಡೀ ಡಬ್ಬಿ ಹೊತ್ತು ತಂದು ಟೆಂಪೋದಲ್ಲಿಟ್ಟರು. ಆಮೇಲೆ ತೊಟ್ಟಿಲಿನ ಮೇಲೆ ಕೈಯಾಡಿಸಿ, ಮಲ್ಲೇಶನಿಗೆ ಹೇಳಿದರು: "ಹಗ್ಗ ಇನ್ನೊಂದ ಸುತ್ತ ಬಿಗಿಯಪ್ಪಾ. ಹಾದ್ಯಾಗ ತಗ್ಗ ಬಾಳ ಅದಾವು." ಸೊಸೆಯ ಕಡೆ ತಿರುಗಿ, "ಅಲ್ಲ್ಯಾದ್ರೂ ಹೊಟ್ಟಿತುಂಬ ಉಣ್ಣು, ಯವ್ವಾ" ಎಂದರು. ಬಾ ಎನ್ನಲಿಲ್ಲ. ಇರು ಎನ್ನಲಿಲ್ಲ.

ಮದುವೆಯಾದಂದಿನಿಂದ ಅವಳನ್ನು ಅವರು ಯವ್ವಾ ಎಂದು ಕರೆದದ್ದಿಲ್ಲ. ಎಷ್ಟು ದಿನದಿಂದ ಕಟ್ಟಿಕೊಂಡಿದ್ದ ಸಿಟ್ಟು! ಈ ಮುದುಕ ಅದನ್ನೂ ನೆಟ್ಟಗೆ ಮಾಡಗೊಡುವುದಿಲ್ಲವಲ್ಲ ಎಂದು ಪೂರ್ಣಿಮಾಳಿಗೆ ಮತ್ತೆ ಸಿಟ್ಟು ಬಂತು, ಜೊತೆಗೆ ಅಳುವೂ ಬಂತು.

"ಮಾವಾರ, ಉಗ್ರಾಣದ ಕೀಲಿ ಎಲ್ಲೈತಿ?"

"ಮೊಳಿಗೆ ಹಾಕೇನಿ. ಆಕಿ ಫೋಟೋದ ಕೆಳಗ."

"ಅಲ್ಲೇ ಇರ್ಲಿ. ಅಲ್ಲಿಂದ ನಿಮ್ಮ ಕಿಸೆಗೆ ಹೋಗಬಾರದು. ಇನ್ನಮ್ಯಾಲ ಎಲ್ಲಾರೂ ಕೂಡೇ ಉಣ್ಣೂಣು, ಹಿಂದ ಯಾರೂ ಬ್ಯಾಡ." ಅವರು ತಲೆಯಾಡಿಸಿದರು. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಣ್ಣನ ಕಡೆ ತಿರುಗಿದಳು. "ಮಲ್ಲಣ್ಣ, ತೊಟ್ಟಿಲ ಇಳಸು. ನಾಕ ದಿನಕ್ಕ ಅಷ್ಟ ದೊಡ್ಡದನ್ನ ಯಾಕ ಹೊರೂದು?"

ಮಲ್ಲೇಶ ಹಗ್ಗ ಬಿಚ್ಚುವ ಮೊದಲೇ ಚನಬಸಪ್ಪನವರು ಒಂದು ಕಡೆ, ಲೋಕೇಶ ಇನ್ನೊಂದು ಕಡೆ ತೊಟ್ಟಿಲಿಗೆ ಕೈ ಹಾಕಿದ್ದರು. ಅಪ್ಪ ಮಗ ಅದನ್ನು ಹೊತ್ತು ಬಾಗಿಲು ದಾಟಿದ್ದೇ ತಡ, ಒಳಗಿನಿಂದ ಮಾವನ ದನಿ ಕೇಳಿಬಂತು: "ಲೋಕೇಶಾ, ಹಾಡೇ ಹಗಲ ಈ ಲೈಟ್ ಯಾಂವ ಹಚ್ಚ್ಯಾನೋ…" ಪೂರ್ಣಿಮಾ ಹಣೆ ಚಚ್ಚಿಕೊಂಡಳು. ಮಾತು ಅರ್ಧಕ್ಕೇ ನಿಂತಿತು. ಆಮೇಲೆ ಅದೇ ದನಿ, ತಗ್ಗಿ, "ಇರ್ಲಿ ಬಿಡು" ಎಂದಿತು.