ನೀಲಿಯಾದ ತೊಟ್ಟಿ

"ಫ್ಲಾಸ್ಕ್ ಬಿಡು!"

"ನೀನು ಮೊದಲು ನನ್ನ ಕುತ್ತಿಗೆ ಬಿಡು!"

ಇಬ್ಬರೂ ಬಿಡಲಿಲ್ಲ.

ಸೊಂಟದವರೆಗೆ ಹಸಿರು ನೀರು. ನೀಲಿ-ಹಸಿರು ಪಾಚಿ ಬೆಳೆಸುವ ತೊಟ್ಟಿ. ನನ್ನ ಕುತ್ತಿಗೆ ಅಮುಕಿದ್ದವನು ಆ ಫ್ಯಾಕ್ಟರಿಯ ಧಣಿ. ಪಾಚಿ ಒಣಗಿಸಿ ಶಕ್ತಿಯ ಗುಳಿಗೆ ಅಂತ ಮಾರುವ ಆಸಾಮಿ!

ಫ್ಲಾಸ್ಕ್ ನನ್ನ ಅತ್ತಿಗೆಯದು. ಲ್ಯಾಬಿನಲ್ಲಿ ಮೂರು ವರ್ಷ ಬೂಷ್ಟು ಸಾಕಿದವರು ಅವರು. ಅಣ್ಣನಿಗಿಂತ ಅದನ್ನೇ ಚೆನ್ನಾಗಿ ನೋಡಿಕೊಂಡರು ಅನ್ನಿ! ಆ ಬೂಷ್ಟು ಸೋರಿಸುವ ಎನ್‌ಜೈಮ್ ನೀಲಿ-ಹಸಿರು ಪಾಚಿಯ ಕೋಶದ ಗೋಡೆಯನ್ನೇ ಒಡೆದು ಹಾಕುತ್ತದೆ. ಊರಿನ ಕುಡಿಯುವ ನೀರಿನ ಕೆರೆ ಅಂಥದೇ ಪಾಚಿಯಿಂದ ಗಬ್ಬು ನಾರುತ್ತಿತ್ತು. ಹನ್ನೆರಡು ಗಂಟೆಗೆ ವಾಟರ್ ಇಂಜಿನಿಯರ್ ಮುಂದೆ ಟೆಸ್ಟ್. ಫೇಲಾದರೆ ಲ್ಯಾಬಿಗೆ ಬೀಗ.

ಬೆಳಿಗ್ಗೆ ನೋಡಿದರೆ ಫ್ಲಾಸ್ಕೇ ಮಾಯ!

ಅತ್ತಿಗೆ ಅತ್ತುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಕಳೆದದ್ದನ್ನು ಹುಡುಕಿಕೊಡುವುದೇ ನನ್ನ ಕಸುಬು. ಊರಲ್ಲಿ ಪಾಚಿ ಸಾಯಬಾರದು ಅನ್ನುವವನು ಯಾರು, ನೀವೇ ಹೇಳಿ? ಅತ್ತಿಗೆಗೆ ಹೇಳಿ ಸೀದಾ ಪಾಚಿ ಫ್ಯಾಕ್ಟರಿಗೆ ನುಗ್ಗಿದೆ.

ನನ್ನನ್ನು ಕಂಡದ್ದೇ ಧಣಿ ಫ್ಲಾಸ್ಕ್ ಎತ್ತಿಕೊಂಡು ಓಟ ಕಿತ್ತ. ಡ್ರಮ್ಮುಗಳ ಸಂದಿ... ಕಬ್ಬಿಣದ ಮೆಟ್ಟಿಲು... ತೊಟ್ಟಿಯ ಅಂಚು...

ದಬಾರ್!

ಬೀಳುವಾಗ ಫ್ಲಾಸ್ಕ್ ಕಿತ್ತುಕೊಂಡೆ. ಬಿರಡೆ ಆಗಲೇ ಹಾರಿ, ಎನ್‌ಜೈಮ್ ತುಂಬಿದ ರಸವೆಲ್ಲ ತೊಟ್ಟಿಗೆ ಚೆಲ್ಲಿತ್ತು.

"ಯಾಕೋ ಕದ್ದೆ?"

"ಇದು ಹೇಗಾದ್ರೂ ನನ್ನ ತೊಟ್ಟಿಗೆ ಬಿದ್ರೆ ನನ್ನ ಗತಿ ಏನು?"

"ಈಗ ನೀನೇ ತಂದು ಸುರಿದೆಯಲ್ಲೋ, ಪುಣ್ಯಾತ್ಮ!"

ಅವನ ಮುಖ ಬಿಳಿಚಿಕೊಂಡಿತು. ಆದರೂ ಕುತ್ತಿಗೆ ಬಿಡಲೊಲ್ಲ. ಬಿಟ್ಟರೆ ನಾನು ಓಡುತ್ತೇನೆ ಅಂತ ಅವನಿಗೆ. ಬಿಟ್ಟರೆ ಫ್ಲಾಸ್ಕ್ ಒಡೆಯುತ್ತಾನೆ ಅಂತ ನನಗೆ. ಒಂದು ಗಂಟೆ ಹಾಗೇ ನಿಂತೆವು! ಮಧ್ಯೆ ಅವನ ಬೆನ್ನು ತುರಿಸಿತು. ಕೆರೆದುಕೊಟ್ಟವನೂ ನಾನೇ.

ಹನ್ನೆರಡಕ್ಕೆ ಅತ್ತಿಗೆ ನನ್ನನ್ನು ಹುಡುಕಿಕೊಂಡು ಬಂದರು. ಜೊತೆಯಲ್ಲೇ ಇಂಜಿನಿಯರ್!

"ಚೆಲ್ಲಿಬಿಟ್ಯಾ?" ಅತ್ತಿಗೆಯ ದನಿ ನಡುಗಿತು.

ನಾನು ಫ್ಲಾಸ್ಕ್ ಎತ್ತಿ ತೋರಿಸಿದೆ. "ಬೂಷ್ಟು ತಳದಲ್ಲೇ ಇದೆ ಅತ್ತಿಗೆ. ರಸ ಮಾತ್ರ..."

"ಟೆಸ್ಟಿಗೆ ಬೇಕಿದ್ದಿದ್ದೇ ಆ ರಸ ಕಣೋ!"

ಇಂಜಿನಿಯರ್ ತೊಟ್ಟಿಗೆ ಬಗ್ಗಿ ನೋಡಿದ. "ಮೇಡಂ, ಇವರ ಸುತ್ತ ನೀರ್ಯಾಕೆ ನೀಲಿ ಆಗಿದೆ?"

ಅತ್ತಿಗೆ ಕಣ್ಣೊರೆಸಿಕೊಂಡು ನೋಡಿದರು. "ಗೋಡೆ ಒಡೆದಿದೆ! ಪಾಚಿಯೊಳಗಿನ ಬಣ್ಣ ಆಚೆ ಬಂದಿದೆ!"

"ಹಾಗಾದ್ರೆ ಟೆಸ್ಟ್ ಪಾಸು. ನಾಳೆ ಕೆರೆಗೆ ಬನ್ನಿ."

ಕುತ್ತಿಗೆಯ ಮೇಲಿನ ಹಿಡಿತ ಸಡಿಲವಾಯಿತು. ಧಣಿ ಬೊಗಸೆ ತುಂಬ ನೀಲಿ ನೀರೆತ್ತಿ ದಿಟ್ಟಿಸುತ್ತಿದ್ದ.

"ಮೇಡಂ... ಐಸ್‌ಕ್ರೀಮಿನವರು ಈ ಬಣ್ಣಕ್ಕೆ ಪ್ರಾಣ ಬಿಡ್ತಾರೆ. ಇನ್ನೊಂದು ಫ್ಲಾಸ್ಕ್ ಸಿಗುತ್ತಾ?"

"ಕದಿಯೋಕಾ, ಕೊಳ್ಳೋಕಾ?"

"ಕೊಳ್ಳೋಕೇ ಮೇಡಂ!"

ಅತ್ತಿಗೆ ಗೆದ್ದರು. ಕಳ್ಳನೂ ಗೆದ್ದ. ಸಾಲದ್ದಕ್ಕೆ ಅವನು ರಬ್ಬರ್ ಪ್ಯಾಂಟು ಬೇರೆ ಹಾಕಿದ್ದ. ಸೊಂಟದಿಂದ ಕೆಳಗೆ ಹದಿನೈದು ದಿನ ನೀಲಿಯಾಗಿ ತಿರುಗಿದವನು ನಾನೊಬ್ಬನೇ!