ನಲವತ್ತೇಳನೆಯ ಬಿಲ್ಲೆ

ಆ ಬೆಳಗ್ಗೆ ಕಡಲಿನಿಂದೆದ್ದ ಮಂಜು ಕಾರ್ನ್‌ವಾಲ್‌ನ ಬಂದರು ಮನೆಗಳ ಕಿಟಕಿಗೆ ಒದ್ದೆ ಬಟ್ಟೆಯಂತೆ ಅಂಟಿಕೊಂಡಿತ್ತು.

"ಗುರುತು ನೋಡು, ಮರಿ. ಬಿಲ್ಲೆ ಮಾತ್ರ ಬಿಚ್ಬೇಡ, ನಮ್ಮಜ್ಜಿ ಮಾತು," ಎಂದಳು ಮುದುಕಿ ಮೊರ್ವೆನ್ನಾ ಪೆಂಗೆಲ್ಲಿ, ಅಜ್ಜನ ಬಂದೂಕನ್ನು ಮೇಜಿನ ಮೇಲಿಡುತ್ತ.

ಲಂಡನ್ನಿನ ಸಂಗ್ರಹಾಲಯ ಕಳಿಸಿದ್ದ ಪರೀಕ್ಷಕ ಹ್ಯೂಗೋ ನಕ್ಕ. ಬಂದೂಕು ನಿಜವಾಗಿ ನೌಕಾಪಡೆಯದೇ ಅಲ್ಲವೇ ಎಂದು ಅವನು ಹೇಳಬೇಕಿತ್ತು. ಉಕ್ಕಿನ ಮೇಲೆ ಸರ್ಕಾರದ ಬಾಣದ ಗುರುತು, ಪಕ್ಕದಲ್ಲಿ ನೌಕಾಪಡೆಯ ‘ಎನ್’. ಹಿಂಬದಿಯ ಮರದಲ್ಲಿ ಹಿತ್ತಾಳೆ ಬಿಲ್ಲೆ. ಅದರ ಮೇಲೆ ಹಡಗಿನ ಹೆಸರು, ನಲವತ್ತೇಳು ಎಂಬ ಅಂಕಿ.

"ಎನ್ ಅಂತ ಯಾರ್ ಬೇಕಾದ್ರೂ ಕುಟ್ತಾರೆ, ಮಿಸೆಸ್ ಪೆಂಗೆಲ್ಲಿ. ಬಿಲ್ಲೆ ಕೆಳಗಿನ ಮರ ಕಪ್ಪಗಿದ್ರೆ ಅಸಲಿ. ಬೆಳ್ಳಗಿದ್ರೆ ಮೊನ್ನೆ ಕೊರೆದದ್ದು. ಬಿಚ್ಚಿದ್ರೆ ಏನು, ನಿಮ್ಮಜ್ಜಿ ಬಂದು ಕಚ್ತಾರಾ?"

ಮುದುಕಿ ನಗಲಿಲ್ಲ. "ಹಡಗು ಮುಳುಗಿದ ದಿನ ಇದು ರಿಪೇರಿಗೆ ಅಂತ ದಡದಲ್ಲಿತ್ತು. ಹಾಜರಿ ಪಟ್ಟಿಯ ನಲವತ್ತೇಳನೆಯವ ನಮ್ಮಜ್ಜ, ಹಡಗಿನ ಜೊತೆ ಹೋದ. ಕಡಲಿಗೆ ಅವನನ್ನ ಪೂರ್ತಿ ಕೊಡಲ್ಲ ಅಂತ ಅಜ್ಜಿ ಅವನ ಜೀವಾನ ತನ್ನ ಕೂದಲಲ್ಲಿ ಕಟ್ಟಿ ಆ ಬಿಲ್ಲೆ ಕೆಳಗಿಟ್ಟಳು. ಕಟ್ಟು ಬಿಚ್ಚಿದವನನ್ನ ಕಡಲು ಎಳ್ಕೊಳ್ಳುತ್ತೆ."

ಅವಳು ಚಹಾ ತರಲು ಒಳಗೆ ಹೋದಳು. ಹ್ಯೂಗೋ ತಿರುಪು ಬಿಚ್ಚಿದ.

ಮರ ಕಪ್ಪಗಿತ್ತು. ಅಸಲಿ! ಗುಳಿಯಲ್ಲಿ ಟಾರು ಬಳಿದ ದಾರ ಸುತ್ತಿದ ಕೂದಲುಂಡೆ. ಮೂಗು ಸಿಂಡರಿಸಿ ಅದನ್ನು ಒಲೆಗೆಸೆದ.

ಸುಟ್ಟ ಕೂದಲಿನ ಕಮಟು ಕೋಣೆ ತುಂಬಿತು. ಕಿಟಕಿ ಕಪ್ಪಾಯಿತು. ಹಾಸುಗಲ್ಲಿನಡಿ ಒದ್ದೆ ಕಾಲುಗಳ ಸಪ್ಪಳ. ಸಾಲುಗಟ್ಟಿ ನಿಂತಂತೆ. ಯಾರೋ ಹಾಜರಿ ಕೂಗುತ್ತಿದ್ದರು.

"ನಲವತ್ತಾರು!"

"ಇದ್ದೇನೆ," ಎಂದಿತು ನೆಲದಡಿಯ ಒಂದು ಗಂಟಲು.

"ನಲವತ್ತೇಳು!"

ಹ್ಯೂಗೋ ಹಲ್ಲು ಕಚ್ಚಿದ. ಬಾಯಿ ತಾನಾಗಿ ತೆರೆಯಿತು. "ಇದ್ದೇನೆ."

ಬಾಯಿಂದ ಉಪ್ಪುನೀರು ಉಕ್ಕಿತು. ಉಸಿರಿಲ್ಲ. ಮತ್ತೆ ಕೂಗು. ಮತ್ತೆ ನೀರು.

"ಮುಂಡೇದೇ, ಎಷ್ಟ್ ಹೇಳ್ದೆ ನಿಂಗೆ!" ಬಾಗಿಲಲ್ಲಿ ಮೊರ್ವೆನ್ನಾ. ಅವಳ ಕಣ್ಣು ಒಲೆಯತ್ತ ಹೋಯಿತು. ಕೂದಲುಂಡೆ ಬೂದಿಯಾದದ್ದನ್ನು ಕಂಡಳು. ಶಿಲುಬೆಯ ಗುರುತು ಮಾಡಿಕೊಂಡಳು. ಬಿಲ್ಲೆಯನ್ನು ಮರಳಿ ತಿರುಪಿ, ಬಂದೂಕನ್ನು ಅವನ ತೋಳಿಗೆ ತುರುಕಿದಳು.

"ನಡಿ. ಬಿಚ್ಚಿದವನೇ ಒಪ್ಪಿಸ್ಬೇಕು. ಅಜ್ಜಿ ಹಠಾನೂ ಸಾಕು, ನಂದೂ ಸಾಕು. ಕಡಲಿಗೆ ಸೇರಬೇಕಾದವನನ್ನ ಬಹಳ ವರ್ಷ ಹಿಡಿದಿಟ್ವಿ."

ಕೆಮ್ಮುತ್ತ, ಕಾರುತ್ತ ಅವನು ಬಂದರಿನ ಮೆಟ್ಟಿಲಿಳಿದ. ಮೊಣಕಾಲುದ್ದ ನೀರಿನಲ್ಲಿ ನಿಂತು ಕ್ಷಮಿಸಿ ಎನ್ನಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಆಮೇಲೂ ಅದು ಎಂದೂ ಮರಳಲಿಲ್ಲ.

"ಹೋಗ್ಬಾ ಅಜ್ಜ," ಎಂದಳು ಹಿಂದಿನಿಂದ ಮೊರ್ವೆನ್ನಾ, ಮೆಲ್ಲಗೆ.

ಹ್ಯೂಗೋ ಬಂದೂಕನ್ನು ನೀರಿಗೆ ಚಾಚಿದ. ಕೆಳಗಿನಿಂದ ಯಾರೋ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.